ಮೂರು ಸಭೆ, ಒಂದು ಪ್ರಶ್ನೆ: ತರಂಗಂಬಾಡಿಯಿಂದ ಮದರಾಸಿನವರೆಗೆ

ತಮಿಳುನಾಡಿನ ಕರಾವಳಿಯಲ್ಲಿರುವ ತರಂಗಂಬಾಡಿ ಸಣ್ಣ ಊರು. ಒಂದು ಕಾಲಕ್ಕೆ ಡೇನರ ಕೋಟೆ, ಡೇನರ ವ್ಯಾಪಾರ ಅಲ್ಲಿತ್ತು. 1706ರಲ್ಲಿ ಜರ್ಮನಿಯ ಬಾರ್ತೊಲೊಮೇಯುಸ್ ಸೀಗನ್‌ಬಾಲ್ಗ್ ಬಂದಿಳಿದದ್ದು ಇಲ್ಲಿಯೇ. ಭಾರತದ ಪ್ರಾಟೆಸ್ಟಂಟ್ ಇತಿಹಾಸದ ಮೊದಲ ಅಧ್ಯಾಯ ಅಲ್ಲಿಂದ ಶುರುವಾಗುತ್ತದೆ. ಅದಾಗಿ ಇನ್ನೂರಕ್ಕೂ ಹೆಚ್ಚು ವರ್ಷಗಳ ಮೇಲೆ, 1919ರ ಮೇ 1 ಮತ್ತು 2ರಂದು, ಅದೇ ಊರಿನಲ್ಲಿ 33 ಮಂದಿ ಸೇರಿದರು. ಇಬ್ಬರನ್ನು ಬಿಟ್ಟರೆ ಉಳಿದವರೆಲ್ಲರೂ ಭಾರತೀಯರು. ಅವರ ಮುಂದಿದ್ದ ಪ್ರಶ್ನೆ ಸರಳವಾಗಿತ್ತು: ನಾವು ಮಾಡಬೇಕಾದ ಕೆಲಸವೇನು, ಅದನ್ನು ಹೀಗೆ ಹರಿದು ಹಂಚಿಹೋದ ಸ್ಥಿತಿಯಲ್ಲಿ ಮಾಡಲು ಸಾಧ್ಯವೇ?

ಹರಿದು ಹಂಚಿಹೋದದ್ದು ಎಂದರೇನು ಎಂಬುದನ್ನು ತಿಳಿಯಲು ದೂರ ಹೋಗಬೇಕಿಲ್ಲ. ಬೆಂಗಳೂರಿನ ಮೂರು ದೇವಾಲಯಗಳನ್ನು ನೋಡಿದರೆ ಸಾಕು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯ ಲಂಡನ್ ಮಿಷನ್ನಿನದು. ಕಾರ್ಪೊರೇಷನ್ ಬಳಿಯ ಹಡ್ಸನ್ ಸ್ಮಾರಕ ದೇವಾಲಯ ವೆಸ್ಲಿಯನ್ ಮೆಥಡಿಸ್ಟರದು. ಮಹಾತ್ಮ ಗಾಂಧಿ ರಸ್ತೆಯ ಸೇಂಟ್ ಮಾರ್ಕ್ಸ್ ಆಂಗ್ಲಿಕನ್ನರದು. ಒಂದೆರಡು ಮೈಲಿಯ ಅಂತರದಲ್ಲಿ ಮೂರು ಕಟ್ಟಡ, ಮೂರು ಆಡಳಿತ. ಲಂಡನ್ ಮಿಷನ್ನಿನ ಮೂಲ ಸಂಪ್ರದಾಯದ ಪ್ರಕಾರ ಊರಿನ ಸಭೆಯೇ ಸರ್ವಾಧಿಕಾರಿ. ಸಭಾಪಾಲಕರನ್ನು ಕರೆಯುವುದೂ ಬಿಡುವುದೂ ಸಭಿಕರ ಮಾತು. ಮೆಥಡಿಸ್ಟರಲ್ಲಿ ಸಭಾಪಾಲಕರನ್ನು ಊರಿಂದೂರಿಗೆ ಕಳುಹಿಸುವುದು ಸಮ್ಮೇಳನ. ಆಂಗ್ಲಿಕನ್ನರಲ್ಲಿ ಬಿಷಪ್ಪರು ತಲೆಯ ಮೇಲೆ ಕೈಯಿಟ್ಟು ಅಭಿಷೇಕಿಸದೆ ಯಾರೂ ಪಾದ್ರಿಯಾಗುವಂತಿಲ್ಲ. ಈ ಭೇದಗಳು ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಅಲ್ಲಿನ ರಾಜರ ಮತ್ತು ಪಾರ್ಲಿಮೆಂಟಿನ ಜಗಳಗಳ ನಡುವೆ. ಬೆಂಗಳೂರಿನ ನೇಕಾರನಿಗಾಗಲಿ ತೆಲುಗು ಸೀಮೆಯ ಕೂಲಿಯವನಿಗಾಗಲಿ ಅವುಗಳಿಂದ ಆಗಬೇಕಾದದ್ದು ಏನೂ ಇರಲಿಲ್ಲ. ತರಂಗಂಬಾಡಿಯಲ್ಲಿ ಸೇರಿದವರು ತಮ್ಮ ಹೇಳಿಕೆಯಲ್ಲಿ ಇದನ್ನೇ ನೇರವಾಗಿ ಬರೆದರು. ಈ ಒಡಕುಗಳನ್ನು ನಾವು ಮಾಡಿಕೊಂಡದ್ದಲ್ಲ, ಹೊರಗಿನಿಂದ ನಮ್ಮ ಮೇಲೆ ಬಂದು ಬಿದ್ದವು ಎಂಬುದು ಅದರ ಸಾರ.

ಆ ಹೇಳಿಕೆಯ ಹಿಂದಿದ್ದ ಮುಖ್ಯ ವ್ಯಕ್ತಿ ವೇದನಾಯಕಂ ಸಾಮುಯೆಲ್ ಅಜರಯ್ಯ. ಆಂಗ್ಲಿಕನ್ ಸಭೆಯಲ್ಲಿ ಬಿಷಪ್ ಪದವಿಗೇರಿದ ಮೊದಲ ಭಾರತೀಯ, 1912ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಎಡಿನ್‌ಬರೋದಲ್ಲಿ ನಡೆದ ಜಾಗತಿಕ ಸಮ್ಮೇಳನದಲ್ಲಿ ಆತ ಎದ್ದುನಿಂತು, ನೀವು ನಮಗೆ ಹಣ ಕೊಟ್ಟಿರಿ, ದೇಹ ಸವೆಸಿದಿರಿ, ಆದರೆ ಸ್ನೇಹ ಕೊಡಲಿಲ್ಲ ಎಂಬ ಅರ್ಥದ ಮಾತನಾಡಿ ಸಭಾಂಗಣವನ್ನು ಸ್ತಬ್ಧಗೊಳಿಸಿದ್ದರು. ಅವರ ಕಾರ್ಯಕ್ಷೇತ್ರ ತೆಲುಗು ನಾಡಿನ ದೋರ್ನಕಲ್. ಸಭಿಕರಲ್ಲಿ ಬಹುಪಾಲು ಮಾಲ ಮತ್ತು ಮಾದಿಗ ಕೇರಿಗಳ ಜನ. ಅಕ್ಷರ ಬಲ್ಲವರು ಕಡಿಮೆ. ಅಲ್ಲಿ ಅಜರಯ್ಯನವರು ಒಂದು ಪದ್ಧತಿ ತಂದರು. ದೀಕ್ಷಾಸ್ನಾನ ಪಡೆದವನು ಆ ಕ್ಷಣದಲ್ಲೇ ತನ್ನ ಕೈಯನ್ನು ತನ್ನ ತಲೆಯ ಮೇಲಿಟ್ಟು, ಸುವಾರ್ತೆ ಸಾರದಿದ್ದರೆ ನನಗೆ ಕೇಡು ಎಂದು ಹೇಳಬೇಕು. ಕೆಲಸ ಪಾದ್ರಿಯದಲ್ಲ, ಸಂಬಳದ ಉಪದೇಶಿಯದಲ್ಲ, ನಿನ್ನದು ಎಂಬುದು ಅದರ ಅರ್ಥ. ಸಭೆಯನ್ನು ಅದರ ಭವಿಷ್ಯದ ಹೊಣೆಗೆ ಸೇರಿಸಿಕೊಳ್ಳುವುದು ಹೇಗೆ ಎಂದು ಇಂದು ಅನೇಕರು ಕಮ್ಮಟಗಳನ್ನು ನಡೆಸುತ್ತಾರೆ. ಯಾವ ಕಮ್ಮಟವೂ ಇದಕ್ಕಿಂತ ನೇರವಾದ ಉಪಾಯವನ್ನು ಹುಡುಕಿರಲಾರದು ಎಂದು ನನ್ನ ಎಣಿಕೆ.

ಆ ವರ್ಷಗಳಲ್ಲಿ ಈ ಪ್ರಶ್ನೆಗೆ ಅವಸರ ಬಂದದ್ದಕ್ಕೆ ಇನ್ನೊಂದು ಕಾರಣವೂ ಉಂಟು. ಅದು ನಮ್ಮ ಮಂಗಳೂರಿನ ಕಡೆಗೆ ಕರೆದೊಯ್ಯುತ್ತದೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು; ನೇಯ್ಗೆಯ ಕಾರ್ಖಾನೆ ಅದಕ್ಕೂ ಮೊದಲೇ ಇತ್ತು. ಮತಾಂತರದಿಂದ ಮನೆ, ಕುಲಕಸುಬು, ಬಳಗ ಎಲ್ಲವನ್ನೂ ಕಳೆದುಕೊಂಡವರಿಗೆ ಈ ಕಾರ್ಖಾನೆಗಳೇ ಅನ್ನ. ಬೇಸಾಯವೂ ನೇಯ್ಗೆಯೂ ಪ್ರಾರ್ಥನೆಯೂ ಒಬ್ಬನೇ ಯಜಮಾನನ ಅಂಗಳದಲ್ಲಿ. 1914ರಲ್ಲಿ ಯುದ್ಧ ಶುರುವಾಯಿತು. ಜರ್ಮನ್ ಮಿಷನರಿಗಳು ಶತ್ರುದೇಶದವರಾದರು. ಅವರನ್ನು ಹಿಡಿದು ಅಹಮದ್‌ನಗರದ ಶಿಬಿರಕ್ಕೆ ಸಾಗಿಸಿ, ಆಮೇಲೆ ಹಡಗು ಹತ್ತಿಸಲಾಯಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಎಂಬತ್ತು ವರ್ಷ ಬೇರೆಯವರು ಯೋಚಿಸಿಕೊಡುತ್ತಿದ್ದ ಸಭೆಗಳು ಇದ್ದಕ್ಕಿದ್ದಂತೆ ತಮ್ಮ ಬಗ್ಗೆ ತಾವೇ ಯೋಚಿಸಬೇಕಾಯಿತು. ಮಲಬಾರಿನ ಬಾಸೆಲ್ ಸಭೆಗಳು 1919ರಲ್ಲಿ ದಕ್ಷಿಣ ಭಾರತ ಐಕ್ಯ ಸಭೆಯನ್ನು ಸೇರಿಕೊಂಡವು. ಇದು ಪ್ರೆಸ್ಬಿಟೇರಿಯನ್ನರೂ ಕಾಂಗ್ರಿಗೇಷನಲಿಸ್ಟರೂ 1908ರಲ್ಲಿ ಒಂದಾಗಿ ಕಟ್ಟಿಕೊಂಡಿದ್ದ ಸಭೆ.

ತರಂಗಂಬಾಡಿಯ ಮೇಲೆ ಮಾತುಕತೆ 28 ವರ್ಷ ನಡೆಯಿತು. ಅದರ ವಿವರವೆಲ್ಲ ಇಲ್ಲಿ ಬೇಡ. ಆಂಗ್ಲಿಕನ್ನರೂ ಐಕ್ಯ ಸಭೆಯವರೂ 1920ರಲ್ಲಿ ಜಂಟಿ ಸಮಿತಿ ಮಾಡಿಕೊಂಡರು, 1925ರಲ್ಲಿ ಮೆಥಡಿಸ್ಟರು ಸೇರಿದರು, 1929ರಲ್ಲಿ ಐಕ್ಯದ ಯೋಜನೆಯ ಮೊದಲ ಕರಡು ಹೊರಬಂತು. ಅಲ್ಲಿಂದ ಮುಂದೆ ತಿದ್ದುಪಡಿಯ ಮೇಲೆ ತಿದ್ದುಪಡಿ. ಬಿಷಪ್ ಬೇಕೋ ಬೇಡವೋ, ಬಿಷಪ್ಪರ ಕೈಯಿಂದ ಅಭಿಷೇಕವಾಗದ ಪಾದ್ರಿ ಪಾದ್ರಿಯೇ ಅಲ್ಲವೇ ಎಂಬುದೇ ಬಹುಪಾಲು ಚರ್ಚೆ. ಇಂಗ್ಲೆಂಡಿನಲ್ಲಿ ಇದಕ್ಕೆ ಎಷ್ಟು ಬಿಸಿಯಿತ್ತೆಂದರೆ ಕವಿ ಟಿ. ಎಸ್. ಎಲಿಯಟ್ಟರು 1943ರಲ್ಲಿ ಈ ಯೋಜನೆಯ ವಿರುದ್ಧವೇ ಒಂದು ಕಿರುಹೊತ್ತಿಗೆ ಬರೆದರು. ದೋರ್ನಕಲ್ಲಿನ ಕೂಲಿಕಾರನ ಸಭೆ ಹೇಗಿರಬೇಕೆಂದು ಲಂಡನ್ನಿನ ಕವಿ ಚಿಂತಿಸಿದ್ದು ವಿಚಿತ್ರವೇ.

ಹಾಗಾದರೆ ಸಭಿಕರನ್ನು ಯಾರಾದರೂ ಕೇಳಿದರೇ? ಈ ಇತಿಹಾಸವನ್ನು ಓದುವವರಿಗೆ ಕಾಡುವ ಪ್ರಶ್ನೆ ಇದು. ಸಮಿತಿಯ ಮೇಜಿನ ಸುತ್ತ ಕುಳಿತವರು ಬಿಷಪ್ಪರು, ಪಾದ್ರಿಗಳು, ಇಂಗ್ಲಿಷ್ ಬಲ್ಲ ಕೆಲವು ಹಿರಿಯರು. ಹಳ್ಳಿಯ ಹೆಂಗಸರ ದನಿ ಆ ಮೇಜಿನವರೆಗೆ ತಲುಪುವ ದಾರಿ ಇರಲಿಲ್ಲ. ಆದರೂ ಯೋಜನೆಯಲ್ಲಿ ಒಂದು ಅಂಶ ಸೇರಿಕೊಂಡಿತು. ಅದಕ್ಕೆ ಪ್ರತಿಜ್ಞೆ ಎಂದೇ ಹೆಸರು. ಯಾವುದೇ ಸಭೆ ದೀರ್ಘಕಾಲದಿಂದ ಪಾಲಿಸಿಕೊಂಡು ಬಂದ ಸಂಪ್ರದಾಯಕ್ಕೆ ಅಡ್ಡಬರುವಂತೆ, ಅದರ ಮನಸ್ಸಾಕ್ಷಿ ಒಪ್ಪದ ಸಭಾಪಾಲಕರನ್ನಾಗಲಿ ಆರಾಧನಾ ಕ್ರಮವನ್ನಾಗಲಿ ಹೇರುವಂತಿಲ್ಲ. 1947ರಲ್ಲಿ ಸೇವೆಯಲ್ಲಿದ್ದ ಪಾದ್ರಿಗಳೆಲ್ಲರೂ ಮರು ಅಭಿಷೇಕವಿಲ್ಲದೆ ಹೊಸ ಸಭೆಯ ಪಾದ್ರಿಗಳು; ಅಲ್ಲಿಂದಾಚೆಗಿನ ಅಭಿಷೇಕ ಮಾತ್ರ ಬಿಷಪ್ಪರ ಕೈಯಿಂದ. ಹೀಗೆ 30 ವರ್ಷ ಒಟ್ಟಿಗೆ ಬೆಳೆದು ಮುಂದಿನದನ್ನು ಆಗ ನೋಡೋಣ ಎಂದರು. ರಸಾಯನಶಾಸ್ತ್ರ ಓದಿದವರಿಗೆ ಮಿಶ್ರಣಕ್ಕೂ ಸಂಯುಕ್ತಕ್ಕೂ ಇರುವ ವ್ಯತ್ಯಾಸ ಗೊತ್ತು. ಇವರು ಮಿಶ್ರಣದಿಂದ ಶುರುಮಾಡಿ, ಅದು ಸಂಯುಕ್ತವಾಗಲು ಒಂದು ತಲೆಮಾರಿನ ಕಾಲವನ್ನು ಮೊದಲೇ ಲೆಕ್ಕಹಾಕಿ ಇಟ್ಟರು. ಆಧುನಿಕ ಆಡಳಿತಗಾರರಲ್ಲಿ ಅಪರೂಪವಾದ ತಾಳ್ಮೆ ಇದು.

ಮತದಾನ ಒಂದೊಂದಾಗಿ ಬಂತು. ಮೆಥಡಿಸ್ಟರು 1943ರಲ್ಲಿ ಒಪ್ಪಿದರು. ಆಂಗ್ಲಿಕನ್ನರ ಮಹಾಸಭೆ ಒಪ್ಪಿದ್ದು 1945ರ ಜನವರಿಯಲ್ಲಿ. ಅದೇ ಜನವರಿ 1ರಂದು ಅಜರಯ್ಯನವರು ತೀರಿಕೊಂಡಿದ್ದರು. ಎಲ್ಲರಿಗಿಂತ ಹೆಚ್ಚು ತಡವರಿಸಿದ್ದು ಐಕ್ಯ ಸಭೆ. ಇದು ಸಹಜವೇ. ತೀರ್ಮಾನ ಸಭಿಕರದೇ ಎನ್ನುವ ಸಂಪ್ರದಾಯವುಳ್ಳವರಿಗೆ ಬಿಷಪ್ಪರನ್ನು ಒಪ್ಪಿಕೊಳ್ಳುವುದೆಂದರೆ ಕೈಯಲ್ಲಿದ್ದ ಅಧಿಕಾರವನ್ನು ಬಿಟ್ಟುಕೊಟ್ಟಂತೆ. 1946ರಲ್ಲಿ ಅವರೂ ಒಪ್ಪಿದರು. ಬದಲಿಗೆ ಅವರಿಗೆ ಸಿಕ್ಕದ್ದು ಚುನಾಯಿತ ಬಿಷಪ್. ಸಭಾಪ್ರಾಂತದ ಪರಿಷತ್ತಿನಲ್ಲಿ ಪಾದ್ರಿಗಳ ಜೊತೆಗೆ ಸಾಮಾನ್ಯ ಸಭಿಕರ ಪ್ರತಿನಿಧಿಗಳೂ ಕುಳಿತು ಹೆಸರುಗಳನ್ನು ಆರಿಸಬೇಕು. ಆ ಪಟ್ಟಿಯಿಂದಲೇ ನೇಮಕ.

1947ರ ಸೆಪ್ಟೆಂಬರ್ 27. ದೇಶ ಸ್ವತಂತ್ರವಾಗಿ ಆರು ವಾರ. ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ ಬಿಷಪ್ ಸಿ. ಕೆ. ಜೇಕಬ್ ಅವರು ಘೋಷಣೆ ಓದಿದರು. ಸುಮಾರು ಹತ್ತು ಲಕ್ಷ ಜನರ, 14 ಸಭಾಪ್ರಾಂತಗಳ ದಕ್ಷಿಣ ಭಾರತ ಸಭೆ ಹುಟ್ಟಿತು. ಮೈಸೂರಿನ ಮೊದಲ ಬಿಷಪ್ ಪಿ. ಗುರುಶಾಂತ ಅವರು, ಮೆಥಡಿಸ್ಟ್ ಸಭೆಯಿಂದ ಬಂದವರು. ಎಲ್ಲರೂ ಬರಲಿಲ್ಲ. ಲುಥೆರನರು ಬರಲಿಲ್ಲ, ಕೋಲಾರ, ಬೀದರ್ ಕಡೆಯ ಅಮೆರಿಕನ್ ಮೆಥಡಿಸ್ಟರೂ ಬರಲಿಲ್ಲ. ಧಾರವಾಡ ಕಡೆಯ ಬಾಸೆಲ್ ಸಭೆಗಳು ತಡವಾಗಿ ಸೇರಿಕೊಂಡವು.

ಹೊಸ ಸಭೆಯ ಆರಾಧನಾ ಕ್ರಮ 1950ರಲ್ಲಿ ಸಿದ್ಧವಾಯಿತು. ಪಾದ್ರಿ ಗೋಡೆಗೆ ಮುಖ ಮಾಡುವುದನ್ನು ಬಿಟ್ಟು ಮೇಜಿನ ಹಿಂದೆ ಜನರತ್ತ ತಿರುಗಿ ನಿಂತರು. ಕೇರಳದ ಸಿರಿಯನ್ ಕ್ರೈಸ್ತರಿಂದ ಒಂದು ಪದ್ಧತಿಯನ್ನು ಎರವಲು ತಂದರು: ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವುದು, ಪೀಠದಿಂದ ಕೊನೆಯ ಸಾಲಿನವರೆಗೆ. ಬೇರೆ ಬೇರೆ ಕೇರಿಗಳಿಂದ ಬಂದವರು ಪಕ್ಕಪಕ್ಕದಲ್ಲಿ ಕುಳಿತ ಸಭೆಯಲ್ಲಿ, ಕೈ ಚಾಚುವುದೇ ಒಂದು ತೀರ್ಮಾನ. ಸಮಿತಿಯ 28 ವರ್ಷಗಳ ಕಾಗದಪತ್ರಕ್ಕಿಂತ ಸಾಮಾನ್ಯ ಸಭಿಕನಿಗೆ ಐಕ್ಯ ತಾಗಿದ್ದು ಇಲ್ಲಿ ಎಂದೇ ತೋರುತ್ತದೆ.

ಒಂದಾಗಿದ್ದೇನೋ ಆಯಿತು, ಆದರೆ ಯಾವುದಕ್ಕೆ? ತರಂಗಂಬಾಡಿಯವರು ಐಕ್ಯ ಬಯಸಿದ್ದು ಕೆಲಸಕ್ಕಾಗಿ. ಮಿಷನರಿಗಳು ಬಿಟ್ಟುಹೋದ ಶಾಲೆ, ಆಸ್ಪತ್ರೆ, ಜಮೀನುಗಳ ನಿರ್ವಹಣೆಯೇ ಸಭೆಯ ಉಸಿರೆಲ್ಲವನ್ನೂ ಹೀರತೊಡಗಿತ್ತು. ಆಸ್ತಿಯಿದ್ದಲ್ಲಿ ವ್ಯಾಜ್ಯವೂ ಇರುತ್ತದಲ್ಲ. ಪರಾಮರ್ಶೆಗೆ ಒಂದು ಆಯೋಗ ನೇಮಕವಾಯಿತು. ಅದರ ಮುಂದಾಳು ರಾಜಯ್ಯ ಡಿ. ಪಾಲ್, ಪಾದ್ರಿಯಲ್ಲ, ಐ.ಸಿ.ಎಸ್. ಅಧಿಕಾರಿಯಾಗಿದ್ದವರು. 1963ರಲ್ಲಿ ಬಂದ ಅವರ ವರದಿ ಸಭೆಯನ್ನು ಹೊಗಳಲು ಬರೆದದ್ದಾಗಿರಲಿಲ್ಲ. ಅದೇ ಕಾಲಕ್ಕೆ ಬೆಂಗಳೂರಿನಲ್ಲಿ ಪಿ. ಡಿ. ದೇವನಂದನ್ ಅವರು 1957ರಲ್ಲಿ ಕಟ್ಟಿದ ಧರ್ಮ ಮತ್ತು ಸಮಾಜ ಅಧ್ಯಯನ ಸಂಸ್ಥೆ, ಹೊಸ ರಾಷ್ಟ್ರದ ನಿರ್ಮಾಣದಲ್ಲಿ ಕ್ರೈಸ್ತರ ಪಾಲೇನು ಎಂಬ ಪ್ರಶ್ನೆಯನ್ನು ದೇವಾಲಯದ ಹೊರಗೆ ತಂದು ಇಟ್ಟಿತ್ತು. 1970ರಲ್ಲಿ ಮೈಸೂರು ಸಭಾಪ್ರಾಂತ ಕರ್ನಾಟಕ ಮಧ್ಯ, ಉತ್ತರ, ದಕ್ಷಿಣ ಎಂದು ಮೂರಾಯಿತು. ಬೆಂಗಳೂರು, ಧಾರವಾಡ, ಮಂಗಳೂರುಗಳಲ್ಲಿ ಮೂರು ಪರಿಷತ್ತುಗಳು, ಅವುಗಳ ಚುನಾವಣೆಗಳು, ಅವುಗಳ ತಕರಾರುಗಳು.

ಹೊರಗುಳಿದವರ ಕಥೆಯೂ ಒಂದಿದೆ. ನಂದ್ಯಾಲದ ಆಂಗ್ಲಿಕನ್ನರು 1947ರಲ್ಲಿ ಬರಲಾರೆವು ಎಂದಿದ್ದರು. ಅವರನ್ನು ಯಾರೂ ಎಳೆದು ತರಲಿಲ್ಲ. 28 ವರ್ಷಗಳ ನಂತರ, 1975ರಲ್ಲಿ, ಅವರಾಗಿಯೇ ಸೇರಿದರು. ದಕ್ಷಿಣ ಭಾರತ ಸಭೆಯ ಮೊದಲ ಮಹಿಳಾ ಬಿಷಪ್ ಇ. ಪುಷ್ಪಲಲಿತಾ ಅವರು 2013ರಲ್ಲಿ ಅಧಿಕಾರ ವಹಿಸಿಕೊಂಡದ್ದು ಆ ನಂದ್ಯಾಲದಲ್ಲಿ.