ಹಾರಿಸಿದ ತೋಟೆಯನ್ನು ಮತ್ತೆ ಅಳತೆಗೆ ತರಬಹುದೇ?

ಕುಂದಾಪುರ, ಬೈಂದೂರು, ಬ್ರಹ್ಮಾವರದ ಹಳ್ಳಿಗಳಲ್ಲಿ ಕೋವಿ ಎಂದರೆ ಹೆಚ್ಚಾಗಿ ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದ ಕೋವಿ. ಚುನಾವಣೆ ಬಂತೆಂದರೆ ಅದನ್ನು ಠೇವಣಿ ಇಡುವ ಓಡಾಟವೂ ಇದ್ದದ್ದೇ. ಕೇಪಿನ ಕೋವಿಗೆ ಪ್ರತಿ ಸಲವೂ ಮಸಿ, ಚರೆ ತುಂಬಿ ಅಭ್ಯಾಸವಾದವರಿಗೆ ತೋಟೆ ಕೋವಿ ಅಥವಾ ರೈಫಲ್ ಕೈಗೆ ಬಂದಾಗ, ‘ಖಾಲಿ ತೋಟೆ ಎಸೆಯುವುದೇಕೆ, ಮತ್ತೆ ತುಂಬಬಹುದಲ್ಲ?’ ಎಂದು ಅನಿಸುವುದು ಸಹಜ. ಅಮೆರಿಕದವರು ಮನೆಯಲ್ಲೇ ತೋಟೆ ತುಂಬುವ ವಿಡಿಯೋಗಳು ಈಗ ಎಲ್ಲರ ಮೊಬೈಲಿನಲ್ಲೂ ಸಿಗುತ್ತವೆ. ಅಳತೆ ತಪ್ಪಿದರೆ ಇನ್ನೊಮ್ಮೆ ಡೈಗೆ ಹಾಕಿ ಒತ್ತಿದರಾಯಿತು ಎಂಬ ನಂಬಿಕೆ ಹುಟ್ಟುವುದು ಇಲ್ಲಿಂದಲೇ. ಇದು ಎಷ್ಟು ನಿಜ?

ಚುಟುಕಾಗಿ ಹೇಳುವುದಾದರೆ, ಕೆಲವು ತಪ್ಪುಗಳನ್ನು ಸರಿಪಡಿಸಬಹುದು. ಆದರೆ ಅತ್ಯಂತ ಅಪಾಯಕಾರಿ ತಪ್ಪನ್ನು ಸರಿಪಡಿಸಲಾಗದು. ಒಮ್ಮೆ ಹಿಗ್ಗಿ ತೆಳುವಾದ ಹಿತ್ತಾಳೆ ಯಾವ ಡೈಯಿಂದಲೂ ಮತ್ತೆ ದಪ್ಪವಾಗುವುದಿಲ್ಲ.

ಮೊದಲು ಕಾನೂನು

1959ರ ಆಯುಧ ಕಾಯ್ದೆಯ 5ನೇ ಕಲಂ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಬೇರೆ, ತಯಾರಿಕೆಯ ಲೈಸೆನ್ಸ್ ಬೇರೆ. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಯಾಗಬಹುದು. ಆದ್ದರಿಂದ ಇದು ತೋಟೆ ತುಂಬಲು ಕಲಿಸುವ ಬರಹವಲ್ಲ. ಯಾರೋ ತುಂಬಿದ ತೋಟೆ ನಿಮ್ಮ ಕೈಗೆ ಬಂದರೆ ಅದನ್ನೇಕೆ ನಂಬಬಾರದು ಎಂದು ತಿಳಿಸುವುದು ನಮ್ಮ ಉದ್ದೇಶ.

ಹಿತ್ತಾಳೆಗೆ ಏನಾಗುತ್ತದೆ?

ರೈಫಲ್ ತೋಟೆಯ ಕೇಸ್ ಸಾಮಾನ್ಯವಾಗಿ ಶೇ. 70 ತಾಮ್ರ, ಶೇ. 30 ಸತು ಇರುವ ಹಿತ್ತಾಳೆಯದು. ಗುಂಡು ಹಾರುವಾಗ ಒಳಗಿನ ಒತ್ತಡ ಹಲವು ರೈಫಲ್‌ಗಳಲ್ಲಿ ವಾತಾವರಣದ ಒತ್ತಡದ 3,000ದಿಂದ 4,000 ಪಟ್ಟು ಇರುತ್ತದೆ. ಆಗ ಕೇಸ್ ಹಿಗ್ಗಿ ಚೇಂಬರಿನ ಗೋಡೆಗೆ ಒತ್ತಿಕೊಂಡು, ಅನಿಲ ಹಿಂದಕ್ಕೆ ಬರದಂತೆ ತಡೆಯುತ್ತದೆ. ಒತ್ತಡ ಇಳಿದಾಗ ತುಸು ಕುಗ್ಗುತ್ತದೆ, ಆದರೆ ಮೊದಲಿನ ಅಳತೆಗೆ ಪೂರ್ತಿ ಮರಳುವುದಿಲ್ಲ. ಅದನ್ನು ಒತ್ತಿ ಅಳತೆಗೆ ತರುವ ಉಕ್ಕಿನ ಅಚ್ಚೇ ಡೈ.

ಹೀಗೆ ಹಿಗ್ಗುತ್ತ ಕುಗ್ಗುತ್ತ ಹೋದಂತೆ ಹಿತ್ತಾಳೆ ಗಡುಸಾಗುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಿದ್ದರೆ ಕೊನೆಗೆ ಅದು ಪಟ್ಟೆಂದು ಮುರಿಯುವುದಿಲ್ಲವೇ? ಇದೂ ಹಾಗೆಯೇ.

ನಂಬಿಕೆ 1: ಬೋಲ್ಟ್ ಸಲೀಸಾಗಿ ಮುಚ್ಚಿದರೆ ಅಳತೆ ಸರಿ ಇದೆ

ತಪ್ಪು. ಡೈ ಅತಿಯಾಗಿ ಒತ್ತಿದರೆ ಕೇಸಿನ ಹೆಗಲು ಹಿಂದೆ ಸರಿಯುತ್ತದೆ, ತೋಟೆ ಚೇಂಬರಿಗಿಂತ ಗಿಡ್ಡವಾಗುತ್ತದೆ. ಗಿಡ್ಡ ತೋಟೆಯ ಮೇಲೆ ಬೋಲ್ಟ್ ಇನ್ನೂ ಸಲೀಸಾಗಿಯೇ ಮುಚ್ಚುತ್ತದೆ! ನಮ್ಮಲ್ಲಿ ನಾಗರಿಕರಿಗೆ ಸಿಗುವ .315 ರೈಫಲಿನಲ್ಲಿ ಈ ತಪ್ಪು ಗೊತ್ತಾಗುವುದು ಇನ್ನೂ ಕಷ್ಟ. ಅದರ ತೋಟೆ ಹೆಗಲಿನ ಮೇಲೆ ನಿಲ್ಲದೆ ಬುಡದ ಅಂಚಿನ ಮೇಲೆ ನಿಲ್ಲುತ್ತದೆ.

ಹಾರಿಸಿದಾಗ ಕೇಸಿನ ಮುಂಭಾಗ ಚೇಂಬರಿಗೆ ಅಂಟಿಕೊಂಡು, ಖಾಲಿ ಜಾಗ ತುಂಬುವಷ್ಟು ಉದ್ದಕ್ಕೆ ಎಳೆಯಲ್ಪಡುತ್ತದೆ. ಎಳೆತ ಬೀಳುವುದು ಬುಡದಿಂದ ತುಸು ಮೇಲೆ. ಅಲ್ಲಿ ಹಿತ್ತಾಳೆ ಪ್ರತಿ ಸಲ ತೆಳುವಾಗುತ್ತ ಹೋಗಿ, ಒಂದು ದಿನ ಬುಡವೇ ಕಳಚಿಕೊಳ್ಳುತ್ತದೆ. ಆಗ ಬಿಸಿ ಅನಿಲ ಹಿಂದಕ್ಕೆ ನುಗ್ಗುತ್ತದೆ, ಹಾರಿಸುವವರ ಮುಖ ಇರುವುದೂ ಅಲ್ಲೇ. ಬೋಲ್ಟ್ ರೈಫಲಿನ ತೋಟೆ ಮರುಅಳತೆ ಮಾಡುವ ಅನುಭವಿಗಳು ಹೆಗಲನ್ನು ಹಿಂದೆ ಸರಿಸುವುದು ಸಾಮಾನ್ಯವಾಗಿ 0.05 ಮಿ.ಮೀ. ಆಸುಪಾಸು, ಒಂದು ಕೂದಲಿನ ದಪ್ಪಕ್ಕೂ ಕಡಿಮೆ. ಇದು ಕಣ್ಣಂದಾಜಿಗೆ ಸಿಗುವ ಅಳತೆಯಲ್ಲ.

ನಂಬಿಕೆ 2: ತುಂಬಿದ ತೋಟೆ ಬಿಗಿಯಾದರೆ ಮತ್ತೆ ಡೈಗೆ ಹಾಕಬಹುದು

ಖಂಡಿತ ಬೇಡ. ಮದ್ದು, ಕೇಪು, ಗುಂಡು ಎಲ್ಲ ಇರುವ ತೋಟೆ ಸಜೀವ ಸ್ಫೋಟಕ. ಅದನ್ನು ಡೈಯಲ್ಲಿ ಒತ್ತುವುದಾಗಲಿ, ಸುತ್ತಿಗೆಯಿಂದ ತಟ್ಟುವುದಾಗಲಿ, ಬೋಲ್ಟನ್ನು ಗುದ್ದಿ ಮುಚ್ಚುವುದಾಗಲಿ ಅನಾಹುತಕ್ಕೆ ದಾರಿ. ಮರುತುಂಬುವುದು ಕಾನೂನುಬದ್ಧವಾಗಿರುವ ದೇಶಗಳಲ್ಲೂ ಅಂಥ ತೋಟೆಯನ್ನು ಮೊದಲು ಸೂಕ್ತ ಸಾಧನದಿಂದ ಬಿಚ್ಚುತ್ತಾರೆ, ಅಳತೆಯ ಮಾತು ಆಮೇಲೆ. ಕೇಸ್ ಖಾಲಿ ಇರುವಾಗಲೇ ಬಿಗಿ ಎಂದು ಗೊತ್ತಾದರೆ ಡೈಯನ್ನು ಸ್ವಲ್ಪ ಹೊಂದಿಸಿ ಮತ್ತೆ ಒತ್ತುತ್ತಾರೆ. ಸರಿಪಡಿಸಬಹುದಾದ ತಪ್ಪು ಇದು.

ನಂಬಿಕೆ 3: ಎಣ್ಣೆ ಹೆಚ್ಚು ಹಚ್ಚಿದಷ್ಟೂ ಒಳ್ಳೆಯದು

ಅರ್ಧ ನಿಜ. ಎಣ್ಣೆಯೇ ಇಲ್ಲದಿದ್ದರೆ ಕೇಸ್ ಡೈಯಲ್ಲಿ ಸಿಕ್ಕಿಕೊಳ್ಳುತ್ತದೆ. ಎಣ್ಣೆ ಹೆಚ್ಚಾದರೆ ಅದಕ್ಕೆ ಹೋಗಲು ಜಾಗವಿಲ್ಲದೆ ಹೆಗಲಿನ ಮೇಲೆ ತಗ್ಗು ಬೀಳುತ್ತದೆ. ಸಣ್ಣ ತಗ್ಗು ಮುಂದಿನ ಸಲ ಹಾರಿಸಿದಾಗ ತಾನಾಗಿ ಸರಿಹೋಗುತ್ತದೆ. ಆದರೆ ಹಿತ್ತಾಳೆ ಮಡಚಿಕೊಂಡಿದ್ದರೆ ಆ ಕೇಸ್ ಗುಜರಿಗೇ ಹೋಗಬೇಕು.

ನಂಬಿಕೆ 4: ಹೊರಗೆ ಹೊಳೆಯುತ್ತಿದ್ದರೆ ಒಳಗೂ ಚೆನ್ನಾಗಿರುತ್ತದೆ

ತೆಳುವಾಗುವುದು ಒಳಗಿನಿಂದ. ಕೆಲವೊಮ್ಮೆ ಹೊರಗೆ, ಬುಡದ ಮೇಲ್ಭಾಗದಲ್ಲಿ ಬಳೆಯಂತೆ ಹೊಳೆಯುವ ಗೆರೆ ಕಾಣುತ್ತದೆ. ಅನುಭವಿಗಳು ಖಾಲಿ ಕೇಸಿನೊಳಗೆ ತುದಿ ಬಗ್ಗಿಸಿದ ಸಣ್ಣ ತಂತಿ ಇಳಿಸಿ ಗೋಡೆಯ ಮೇಲೆ ಎಳೆದು ನೋಡುತ್ತಾರೆ. ತಂತಿ ಒಂದು ಕಡೆ ತಗ್ಗಿಗೆ ಇಳಿದಂತೆ ಅನಿಸಿದರೆ ಆ ಕೇಸಿನ ಆಯುಷ್ಯ ಮುಗಿದಂತೆ. ಆದರೆ ಬೇರೆಯವರು ತುಂಬಿ ಕೊಟ್ಟ ತೋಟೆಯ ಒಳಗನ್ನು ನೋಡಲು ದಾರಿಯೇ ಇಲ್ಲ.

ಮಳೆಗಾಲ ಮತ್ತು ಕೊಟ್ಟಿಗೆ

ಕರಾವಳಿಯವರು ನೆನಪಿಡಬೇಕಾದ ಇನ್ನೊಂದು ಸಂಗತಿ ಇದೆ. 19ನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ತೋಟೆಗಳನ್ನು ಕುದುರೆ ಲಾಯದಲ್ಲಿ ಇಡುತ್ತಿತ್ತು. ಮಳೆ ಮುಗಿದ ಮೇಲೆ ನೋಡಿದರೆ ಹಿತ್ತಾಳೆ ತಾನಾಗಿ ಬಿರುಕು ಬಿಟ್ಟಿರುತ್ತಿತ್ತು. 1921ರಲ್ಲಿ ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್ಸನ್ ಎಂಬವರು ಇದರ ಕಾರಣವನ್ನು ವಿವರಿಸಿದರು. ಕುದುರೆ ಮೂತ್ರದಿಂದ ಬರುವ ಅಮೋನಿಯಾ, ಗಾಳಿಯ ತೇವ ಮತ್ತು ಒತ್ತಿ ರೂಪಿಸಿದ ಹಿತ್ತಾಳೆಯೊಳಗೆ ಉಳಿದ ಬಿಗಿತ, ಈ ಮೂರೂ ಸೇರಿದಾಗ ಬಿರುಕು ಹುಟ್ಟುತ್ತದೆ. ಹದವಾಗಿ ಕಾಯಿಸಿದರೆ ಈ ಬಿಗಿತ ಇಳಿಯುತ್ತದೆ. ಆದರೆ ಕೇಸಿನ ಬುಡ ಕಾದು ಮೆತ್ತಗಾದರೆ ಒತ್ತಡ ತಡೆಯಲಾರದು.

ನಮ್ಮಲ್ಲಿ ಕುದುರೆ ಲಾಯವಿಲ್ಲದಿದ್ದರೂ ದನದ ಕೊಟ್ಟಿಗೆ ಇದೆ, ಯೂರಿಯಾ ಚೀಲ ಇದೆ, ಜೂನ್‌ನಿಂದ ಬಿಡದೆ ಸುರಿಯುವ ಮಳೆಯೂ ಇದೆ. ಹಾಗಾಗಿ ತೋಟೆಗಳನ್ನು ಕೊಟ್ಟಿಗೆಯ ಅಟ್ಟದಲ್ಲೋ ಗೊಬ್ಬರದ ಪಕ್ಕದಲ್ಲೋ ಇಡಬೇಡಿ. ಒಣಗಿದ, ಬೀಗ ಹಾಕಿದ ಜಾಗದಲ್ಲಿ ಇಡಿ.

ಹಾಗಾದರೆ ಏನು ಮಾಡಬೇಕು?

* ಕಾರ್ಖಾನೆಯ ತೋಟೆಯನ್ನೇ ಲೈಸೆನ್ಸ್ ಇರುವ ಅಂಗಡಿಯಿಂದ ರಶೀದಿ ಸಹಿತ ಕೊಳ್ಳಿ.
* ಬಿರುಕು, ಉಬ್ಬು ಅಥವಾ ಹಸಿರು ಕಿಲುಬು ಕಂಡ ತೋಟೆ ಬಳಸಬೇಡಿ. ಬೆಂಕಿಗೆ ಹಾಕಬೇಡಿ, ಹೂಳಬೇಡಿ. ಅಂಗಡಿಯವರನ್ನೋ ಪೊಲೀಸರನ್ನೋ ಕೇಳಿ ಒಪ್ಪಿಸಿ.
* ಕುದುರೆ ಎಳೆದರೂ ಗುಂಡು ಹಾರದಿದ್ದರೆ ನಳಿಗೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಿರಿ.
* ತೋಟೆ ಚೇಂಬರಿನಲ್ಲಿ ಸಿಕ್ಕಿಕೊಂಡರೆ ನಳಿಗೆಯಿಂದ ಸರಳು ತೂರಿಸಿ ಗುದ್ದಬೇಡಿ. ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ತೋರಿಸಿ.

ಒಟ್ಟಿನಲ್ಲಿ, ಕೇಪಿನ ಕೋವಿಗೆ ತುಂಬಿದ ಅನುಭವ ರೈಫಲ್ ತೋಟೆಗೆ ಸಾಲದು. ಕೇಪಿನ ಕೋವಿಯಲ್ಲಿ ಒತ್ತಡ ತಡೆಯುವುದು ದಪ್ಪ ಉಕ್ಕಿನ ನಳಿಗೆ. ರೈಫಲಿನಲ್ಲಿ ಅನಿಲಕ್ಕೂ ನಿಮ್ಮ ಮುಖಕ್ಕೂ ನಡುವೆ ಮೊದಲ ತಡೆಯಾಗಿ ನಿಲ್ಲುವುದು ಆ ತೆಳು ಹಿತ್ತಾಳೆ. ಅದರ ಅಳತೆಯ ಬಗ್ಗೆ ಅನುಮಾನ ಬಂದರೆ ಒಂದು ತೋಟೆಯ ಬೆಲೆ ಹೋದರೆ ಹೋಗಲಿ ಎಂದುಕೊಳ್ಳುವುದೇ ಜಾಣತನ.