ಬಾರ್ಸಿಲೋನಾ ನಗರದ ಕಲ್ಪನಾಶಿಲ್ಪ

ಸ್ಪೇನ್ ದೇಶದ ಬಾರ್ಸಿಲೋನಾ ನಗರವನ್ನು ಸೇರಿದ ಪ್ರವಾಸಿಯು ಆಂಟೋನಿ ಗೌದಿ (1852–1926) ಎಂಬ ಮಹಾಶಿಲ್ಪಿಯ ಮುಖ್ಯ ನಿರ್ಮಾಣಗಳನ್ನು ಒಂದೇ ಹಗಲಿನಲ್ಲಿ ನೋಡಿ ಬರಬಹುದು. ಮೊದಲ ನೋಟಕ್ಕೆ ಅವು ಕನಸಿನ ಮನೆಗಳಂತೆ ತೋರುವುವು. ಆದರೆ ಆ ಕನಸಿಗೆ ಆಧಾರವಾಗಿ ಕಟ್ಟುನಿಟ್ಟಾದ ಗಣಿತವುಂಟು.

ಬೆಳಗ್ಗೆ ನೋಡತಕ್ಕುದು ಬೆಟ್ಟದ ಇಳಿಜಾರಿನಲ್ಲಿರುವ ಗ್ವೆಲ್ ಉದ್ಯಾನ. ಉದ್ಯಮಿಯಾದ ಗ್ವೆಲ್ ಎಂಬವನು 1900ರಲ್ಲಿ ಇಲ್ಲಿ 60 ನಿವೇಶನಗಳ ಬಡಾವಣೆಯನ್ನು ಮಾಡಿಸತೊಡಗಿದನು. ಕೊಳ್ಳುವವರು ಸಿಕ್ಕದೆ 1914ರಲ್ಲಿ ಕೆಲಸ ನಿಂತಿತು. ಹೆಂಚಿನ ಚೂರುಗಳನ್ನು ಹೊದೆದು ಹಾವಿನಂತೆ ಬಳುಕುವ ಆಸನವು ಅಲ್ಲಿಯ ಅಂಗಳವನ್ನು ಸುತ್ತುವರಿದಿದೆ. ಆ ಅಂಗಳದ ಮಳೆನೀರು ಕೆಳಗಿನ ಮಂಟಪದ ಕಂಬಗಳೊಳಗಿಂದ ಇಳಿದು ನೆಲದಡಿಯ ತೊಟ್ಟಿಯನ್ನು ಸೇರುವುದು. ಅಂದದ ಹಿಂದೆ ಇಂತಹ ಉಪಯೋಗವಡಗಿದೆ.

ಮಧ್ಯಾಹ್ನದಲ್ಲಿ ಗ್ರಾಸಿಯಾ ಬೀದಿಯ ಮಿಲಾ ಭವನ (1906–1912). ಜನರು ಇದನ್ನು 'ಕಲ್ಲುಗಣಿ' ಎಂದು ಗೇಲಿಮಾಡಿದರು. ಅಲೆಯಂತಿರುವ ಅದರ ಕಲ್ಲಿನ ಮುಖವು ಮಹಡಿಗಳ ಭಾರವನ್ನು ಹೊರುವುದಿಲ್ಲ. ಒಳಗಿನ ಕಂಬಗಳೂ ಉಕ್ಕಿನ ತೊಲೆಗಳೂ ಹೊರುವುವು. ಆದುದರಿಂದಲೇ ಗೋಡೆಯು ಅಷ್ಟು ಸ್ವಚ್ಛಂದವಾಗಿ ಬಾಗಬಲ್ಲುದು.

ಗೌದಿಯ ಗಣಿತದ ಮರ್ಮವು ಸರಳವಾದುದು. ಎರಡು ಕೊನೆಗಳನ್ನು ಹಿಡಿದು ತೂಗಬಿಟ್ಟ ಸರಪಣಿಯು ತನ್ನ ಭಾರದಿಂದಲೇ ಒಂದು ಆಕಾರವನ್ನು ತಾಳುವುದು. ಅದನ್ನು ತಲೆಕೆಳಗು ಮಾಡಿದರೆ ದೃಢವಾದ ಕಮಾನು ದೊರೆಯುವುದು. ನಗರದ ಹೊರಗೆ ಗ್ವೆಲ್ಲನ ಕಾರ್ಮಿಕರಿಗಾಗಿ ಯೋಜಿಸಿದ ಚರ್ಚಿಗೆ ಆತನು ಹುರಿಗಳಲ್ಲಿ ಸೀಸದ ಗುಂಡುಗಳ ಚೀಲಗಳನ್ನು ತೂಗುಹಾಕಿ ಮಾದರಿಯನ್ನು ಮಾಡಿದನು. ಅದರ ಛಾಯಾಚಿತ್ರವನ್ನು ತಿರುಗಿಸಿ ಹಿಡಿದಾಗ ಚರ್ಚಿನ ರೂಪವು ಕಾಣಿಸಿತು.

ಸಂಜೆಗೆ ಸಗ್ರಾದಾ ಫಮೀಲಿಯಾ ದೇವಾಲಯವನ್ನು ಉಳಿಸಿಕೊಳ್ಳುವುದು ಮೇಲು. 1882ರಲ್ಲಿ ಬೇರೊಬ್ಬ ಶಿಲ್ಪಿಯು ಆರಂಭಿಸಿದ ಈ ಕೆಲಸವನ್ನು ಗೌದಿಯು 1883ರಲ್ಲಿ ವಹಿಸಿಕೊಂಡು ಸಾಯುವವರೆಗೂ ನಡೆಸಿದನು. 1926ರ ಜೂನಿನಲ್ಲಿ ಟ್ರಾಮ್ ಗಾಡಿಯು ಬಡಿದಾಗ, ಹಳೆಯ ಉಡುಪನ್ನು ಕಂಡು ಜನರು ಆತನನ್ನು ಭಿಕ್ಷುಕನೆಂದೇ ತಿಳಿದರು. ಮೂರು ದಿನಗಳ ಮೇಲೆ ಆತನು ತೀರಿಕೊಂಡನು. 1936ರಲ್ಲಿ ಅಂತರ್ಯುದ್ಧವು ಹೊತ್ತಿದಾಗ ಗಲಭೆಕೋರರು ಕಾರ್ಯಾಗಾರಕ್ಕೆ ನುಗ್ಗಿ ನಕ್ಷೆಗಳನ್ನು ಸುಟ್ಟು, ಗಾರೆಯ ಮಾದರಿಗಳನ್ನು ಒಡೆದುಹಾಕಿದರು.

ನಕ್ಷೆಯಿಲ್ಲದೆ ಕಟ್ಟುವುದು ಗೌದಿಗೆ ಅಪಚಾರವಲ್ಲವೆ? ಕೆಲಸವನ್ನು ನಿಲ್ಲಿಸಬೇಕೆಂದು 1965ರಲ್ಲಿ ಹಲವು ಖ್ಯಾತ ವಾಸ್ತುಶಿಲ್ಪಿಗಳು ಬಹಿರಂಗವಾಗಿ ಪತ್ರ ಬರೆದರು. ಶಂಕೆಯು ನ್ಯಾಯವಾದುದೇ. ಆದರೆ ಶಿಷ್ಯರು ಒಡೆದ ಚೂರುಗಳನ್ನು ಆಯ್ದು ಜೋಡಿಸಿದ್ದರು. ಆಕಾರಗಳು ಜ್ಯಾಮಿತಿಯ ನಿಯಮಗಳಿಗೆ ಒಳಪಟ್ಟಿದ್ದುದರಿಂದ, ಉಳಿದ ಚೂರಿನಿಂದ ಕಳೆದುಹೋದ ಭಾಗವನ್ನು ಲೆಕ್ಕಹಾಕಲು ಸಾಧ್ಯವಾಯಿತು. ಬರಿಯ ಸ್ವೇಚ್ಛೆಯ ಕಲ್ಪನೆಯಾಗಿದ್ದರೆ ಅದು ಆತನೊಡನೆಯೇ ಅಳಿಯುತ್ತಿತ್ತು.

2010ರಲ್ಲಿ ದೇವಾಲಯವು ಪ್ರತಿಷ್ಠೆಗೊಂಡಿತು. ಒಳಗೆ ಕಂಬಗಳು ಮರಗಳಂತೆ ಕೊಂಬೆಯೊಡೆದು ಛಾವಣಿಯನ್ನು ಹೊತ್ತಿವೆ. ಪಡುವಣ ಗಾಜುಗಳಿಂದ ಸಂಜೆಯ ಕೆಂಬೆಳಕು ಅವುಗಳ ಮೇಲೆ ಬೀಳುವುದು. ಅವು ಎದ್ದು ನಿಂತುದನ್ನು ಗೌದಿಯು ಕಾಣಲಿಲ್ಲ. ಆತನ ಸಮಾಧಿಯು ಅದೇ ದೇವಾಲಯದ ನೆಲಮಾಳಿಗೆಯಲ್ಲಿದೆ.