ಡೈನೊ ಪರೀಕ್ಷೆ

ಡೈನೊ ಪರೀಕ್ಷೆಯು ವಾಹನದ ಚಕ್ರಗಳಿಗೆ ತಲುಪುವ ಟಾರ್ಕ್ ಮತ್ತು ಶಕ್ತಿಯನ್ನು ಅಳೆಯುವ ವಿಧಾನ. ಇದಕ್ಕೆ ಬಳಸುವ ಯಂತ್ರಕ್ಕೆ ಚಾಸಿಸ್ ಡೈನಮೋಮೀಟರ್ ಎಂದು ಹೆಸರು. ಕಾರನ್ನು ರೋಲರ್‌ಗಳ ಮೇಲೆ ನಿಲ್ಲಿಸಿ, ಪಟ್ಟಿಗಳಿಂದ ಬಿಗಿದು, ಮುಂಭಾಗದಲ್ಲಿ ದೊಡ್ಡ ಫ್ಯಾನ್ ಇರಿಸಿ, ಆಕ್ಸಿಲರೇಟರನ್ನು ಪೂರ್ಣವಾಗಿ ಒತ್ತಿ ಓಡಿಸಲಾಗುತ್ತದೆ. ಟಾರ್ಕನ್ನು (ನ್ಯೂಟನ್ ಮೀಟರ್) ನಿಮಿಷದ ಸುತ್ತುಗಳಿಂದ ಗುಣಿಸಿ 9549ರಿಂದ ಭಾಗಿಸಿದರೆ ಶಕ್ತಿಯು ಕಿಲೋವ್ಯಾಟ್‌ಗಳಲ್ಲಿ ದೊರೆಯುತ್ತದೆ. ಗೇರ್‌ಬಾಕ್ಸ್ ಮತ್ತು ಟೈರುಗಳಲ್ಲಿ ಒಂದಷ್ಟು ಶಕ್ತಿ ವ್ಯಯವಾಗುವುದರಿಂದ ಈ ಅಂಕಿಯು ತಯಾರಕರು ಘೋಷಿಸುವ ಎಂಜಿನ್ ಶಕ್ತಿಗಿಂತ ಕಡಿಮೆಯಿರುತ್ತದೆ.

ಟರ್ಬೊ ಎಂಜಿನ್‌ಗಳು

ಟ್ಯೂನಿಂಗ್‌ನಲ್ಲಿ ಟರ್ಬೊದ ಒತ್ತಡವನ್ನು ಹೆಚ್ಚಿಸಿದಾಗ ಇಂಧನವು ಅಕಾಲದಲ್ಲಿ ಸಿಡಿದು (ನಾಕಿಂಗ್) ಪಿಸ್ಟನ್‌ಗಳು ಒಡೆಯಬಹುದು. ಆದ್ದರಿಂದ ಗಾಳಿ-ಇಂಧನದ ಅನುಪಾತ ಹಾಗೂ ಒಳಸೇರುವ ಗಾಳಿಯ ಉಷ್ಣತೆಯನ್ನೂ ಜೊತೆಯಲ್ಲೇ ಗಮನಿಸಲಾಗುತ್ತದೆ. ಸತತ ಓಟಗಳಿಂದ ಇಂಟರ್‌ಕೂಲರ್ ಕಾದು ಶಕ್ತಿ ಕುಗ್ಗುವುದುಂಟು. ಒಂದೇ ಓಟದ ಗರಿಷ್ಠ ಅಂಕಿಯನ್ನು ನೆಚ್ಚಿಕೊಳ್ಳುವಂತಿಲ್ಲ.

ಎತ್ತರದ ಪ್ರಭಾವ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ತೆಳುವಾದ ಗಾಳಿಯಲ್ಲಿ ಟರ್ಬೊರಹಿತ ಎಂಜಿನ್ ತನ್ನ ಶಕ್ತಿಯ ಸುಮಾರು ಹತ್ತನೇ ಒಂದು ಭಾಗವನ್ನು ಕಳೆದುಕೊಳ್ಳುತ್ತದೆ. ತಿದ್ದುಪಡಿ ಗುಣಾಂಕವು ಈ ಕೊರತೆಯನ್ನು ತುಂಬಿಕೊಡುತ್ತದೆ. ಟರ್ಬೊ ಎಂಜಿನ್ನಾದರೋ ತನ್ನ ಟರ್ಬೊವನ್ನು ಹೆಚ್ಚು ವೇಗವಾಗಿ ತಿರುಗಿಸಿ ಈ ಕೊರತೆಯನ್ನು ಬಹುಪಾಲು ತಾನೇ ನೀಗಿಸಿಕೊಳ್ಳಬಲ್ಲದು. ಅದಕ್ಕೂ ಅದೇ ಗುಣಾಂಕವನ್ನು ಅನ್ವಯಿಸಿದರೆ ಕಾರಿನಲ್ಲಿಲ್ಲದ ಶಕ್ತಿ ಹಾಳೆಯ ಮೇಲೆ ಕಾಣಿಸುತ್ತದೆ. ಹೀಗಾಗಿ ಬೆಂಗಳೂರಿನ ಫಲಿತಾಂಶವನ್ನು ಚೆನ್ನೈನಂತಹ ಕರಾವಳಿ ನಗರದ ಫಲಿತಾಂಶದೊಡನೆ ಹೋಲಿಸುವಾಗ ತಿದ್ದುಪಡಿಗೆ ಮುನ್ನಿನ ಅಂಕಿಗಳನ್ನೂ ನೋಡಬೇಕಾಗುತ್ತದೆ.